ಚಳಿಗಾಲದಲ್ಲಿ ಡೀಸೆಲ್ ಇಂಜಿನ್ ಏಳದಿದ್ದರೆ ಹೀಟರ್ ಕೊಳ್ಳಬೇಕೆ?

ಡಿಸೆಂಬರ್, ಜನವರಿ ತಿಂಗಳುಗಳು ನಮ್ಮ ಕಡೆಯ ರೈತರಿಗೆ ಬಿಡುವಿಲ್ಲದ ಕಾಲ. ಭತ್ತದ ಒಕ್ಕಲು, ಅಡಿಕೆಯ ಕೊನೆ ಕೊಯ್ಲು, ಶುಂಠಿ ಕೀಳುವುದು, ತೋಟಕ್ಕೆ ನೀರು ಹಾಯಿಸಲು ಆರಂಭಿಸುವುದು, ಇವೆಲ್ಲ ಒಟ್ಟಿಗೆ ಬರುತ್ತವೆ. ಇದೇ ಸಮಯದಲ್ಲಿ ಬೆಳಗಿನ ಚಳಿಯೂ ಹೆಚ್ಚು. ಸೊರಬ ತಾಲ್ಲೂಕಿನ ಹೊಸಬಾಳೆಯ ಸುತ್ತಮುತ್ತ, ಆನವಟ್ಟಿ ಕಡೆ, ಶಿಕಾರಿಪುರದ ಕುಮುದ್ವತಿ ದಂಡೆಯ ತಗ್ಗು ಗದ್ದೆಗಳಲ್ಲಿ, ವರದಾ ಮತ್ತು ದಂಡಾವತಿ ಹೊಳೆಗಳ ಬಯಲಿನಲ್ಲಿ ಇಬ್ಬನಿ ಬಿದ್ದು ಎಲ್ಲವೂ ಒದ್ದೆಯಾಗಿರುತ್ತದೆ. ಕೂಲಿಯವರು ಬಂದು ನಿಂತಿರುತ್ತಾರೆ. ಟ್ರ್ಯಾಕ್ಟರ್ ಮಾತ್ರ ಏಳುವುದಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ. ಪವರ್ ಟಿಲ್ಲರಿಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋಲುತ್ತದೆ.

ಇಂತಹ ಬೆಳಿಗ್ಗೆಗಳನ್ನು ಕಂಡ ರೈತರು ಈಗ ಕೇಳುವ ಒಂದು ಪ್ರಶ್ನೆ ಇದೆ. "ಇಂಜಿನ್ ಬಿಸಿ ಮಾಡುವ ಹೀಟರ್ ಬರುತ್ತದಂತೆ. ಅದನ್ನು ಹಾಕಿಸಿದರೆ ಹೇಗೆ? ಯಾವುದನ್ನು ಕೊಳ್ಳಬೇಕು?" ಮೊಬೈಲಿನಲ್ಲಿ ಇಂತಹ ಉಪಕರಣಗಳ ಚಿತ್ರಗಳು ಕಾಣಸಿಗುತ್ತವೆ; ಮನೆ ಬಾಗಿಲಿಗೇ ತರಿಸಿಕೊಳ್ಳುವ ಅನುಕೂಲವೂ ಇದೆ. ಆದ್ದರಿಂದ ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸುವುದು ಅಗತ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಚಳಿಗೆ ಸುಸ್ಥಿತಿಯಲ್ಲಿರುವ ಯಾವ ಡೀಸೆಲ್ ಇಂಜಿನ್ನಿಗೂ ಹೊರಗಿನಿಂದ ಶಾಖ ಕೊಡುವ ಹೀಟರ್ ಬೇಕಾಗಿಲ್ಲ. ಹೀಟರ್ ಇಲ್ಲದೆ ಏಳದ ಇಂಜಿನ್ ನಮ್ಮಲ್ಲಿ ಇದ್ದರೆ ಅದರಲ್ಲಿ ಏನೋ ದೋಷವಿದೆ ಎಂದೇ ಅರ್ಥ. ಆ ದೋಷವನ್ನು ಹುಡುಕಲು ಖರ್ಚು ಮಾಡುವ ಹಣ ಸಾರ್ಥಕ; ಅದನ್ನು ಮುಚ್ಚಿಡಲು ಖರ್ಚು ಮಾಡುವ ಹಣ ವ್ಯರ್ಥ.

ಡೀಸೆಲ್ ಇಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ?

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದು ಇಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಇಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತುವುದರಿಂದಲೇ ಬೆಂಕಿ ಹುಟ್ಟುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ನೋಡಿದ್ದೀರಿ. ಅದೇ ತತ್ವ ಇಲ್ಲಿಯೂ ಇದೆ. ಟ್ರ್ಯಾಕ್ಟರಿನ ಸಿಲಿಂಡರಿನಲ್ಲಿ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರನೇ ಒಂದು ಭಾಗಕ್ಕೆ, ಕೆಲವು ಇಂಜಿನ್ನುಗಳಲ್ಲಿ ಅದಕ್ಕಿಂತಲೂ ಕಡಿಮೆಗೆ ಒತ್ತಲಾಗುತ್ತದೆ. ಆಗ ಗಾಳಿ ಕಾದು, ನಾಜಲ್ ಮೂಲಕ ಸಿಂಪರಣೆಯಾಗುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ.

ಇಲ್ಲಿ ಒಂದು ಅಂದಾಜು ಲೆಕ್ಕವನ್ನು ಗಮನಿಸಿ. ಹದಿನಾರಕ್ಕೆ ಒಂದರಂತೆ ಒತ್ತುವ ಇಂಜಿನ್ನಿನೊಳಕ್ಕೆ ಮಧ್ಯಾಹ್ನದ 35 ಡಿಗ್ರಿ ಸೆಂಟಿಗ್ರೇಡ್ ಗಾಳಿ ಹೋದರೆ, ಗೋಡೆಗೆ ಹೋಗುವ ಶಾಖವನ್ನು ಕಳೆದು, ಒತ್ತಿದ ಗಾಳಿ ಸುಮಾರು 430 ಡಿಗ್ರಿಗೆ ಏರುತ್ತದೆ. ಚಳಿಯ ಬೆಳಿಗ್ಗೆ 15 ಡಿಗ್ರಿ ಗಾಳಿ ಹೋದರೆ ಸುಮಾರು 390 ಡಿಗ್ರಿ. ಅಂದರೆ ಚಳಿಯಿಂದಾಗಿ ಕಳೆದುಕೊಳ್ಳುವುದು 40-50 ಡಿಗ್ರಿ ಮಾತ್ರ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 210ರಿಂದ 250 ಡಿಗ್ರಿ ಬೇಕು. ಇಂಜಿನ್ನಿನಲ್ಲಿ ಕ್ಷಣಮಾತ್ರದಲ್ಲಿ ಹತ್ತಿಕೊಳ್ಳಬೇಕಾದ್ದರಿಂದ ಅದಕ್ಕಿಂತ ಹೆಚ್ಚು ಶಾಖ ಬೇಕಾಗುತ್ತದೆ. 390 ಡಿಗ್ರಿ ಅದಕ್ಕೆ ಸಾಲುತ್ತದೆ.

ಈಗ ಅದೇ ಇಂಜಿನ್ನಿನ ಪಿಸ್ಟನ್ ರಿಂಗುಗಳು ಸವೆದಿವೆ, ವಾಲ್ವುಗಳು ಸರಿಯಾಗಿ ಕೂರುತ್ತಿಲ್ಲ, ಬ್ಯಾಟರಿ ಸೋತು ಇಂಜಿನ್ ನಿಧಾನವಾಗಿ ತಿರುಗುತ್ತಿದೆ ಎಂದುಕೊಳ್ಳಿ. ಒತ್ತಿದ ಗಾಳಿ ಸೋರಿಹೋಗುತ್ತದೆ. ಉಳಿದದ್ದು ತನ್ನ ಶಾಖವನ್ನು ತಣ್ಣಗಿನ ಗೋಡೆಗೆ ಕೊಟ್ಟುಬಿಡುತ್ತದೆ. ಆಗ ಅದೇ 15 ಡಿಗ್ರಿಯ ಬೆಳಿಗ್ಗೆ ಒಳಗಿನ ಉಷ್ಣತೆ 230 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬಹುದು. ಇಂಜಿನ್ ಏಳುವುದಿಲ್ಲ. ಚಳಿಯಿಂದ ಹೋದದ್ದು 40-50 ಡಿಗ್ರಿ. ಸೋರಿಕೆ ಮತ್ತು ನಿಧಾನ ತಿರುಗುವಿಕೆಯಿಂದ ಹೋದದ್ದು 150 ಡಿಗ್ರಿಗೂ ಹೆಚ್ಚು. ತಪ್ಪು ಯಾರದೆಂದು ಈ ಲೆಕ್ಕವೇ ಹೇಳುತ್ತದೆ.

"ಬೇಸಿಗೆಯಲ್ಲಿ ನನ್ನ ಇಂಜಿನ್ ಸರಿಯಾಗಿಯೇ ಏಳುತ್ತದೆ. ಚಳಿಯಲ್ಲಿ ಮಾತ್ರ ತೊಂದರೆ. ಹಾಗಾದರೆ ಚಳಿಯದೇ ತಪ್ಪಲ್ಲವೆ?" ಎಂದು ಕೆಲವರು ಕೇಳಬಹುದು. ಬೇಸಿಗೆಯಲ್ಲಿ ಆ ಇಂಜಿನ್ ಕಷ್ಟದಿಂದ ದಡ ಸೇರುತ್ತಿತ್ತು; ಚಳಿಯಲ್ಲಿ ಆ ಸ್ವಲ್ಪ ಅನುಕೂಲವೂ ತಪ್ಪಿತು. ದೋಷ ಮೊದಲಿನಿಂದಲೂ ಇತ್ತು. ಅದನ್ನು ಚಳಿ ಬಯಲಿಗೆ ತಂದಿತು. ಈ ದೃಷ್ಟಿಯಿಂದ ಚಳಿಗಾಲದ ಬೆಳಿಗ್ಗೆಯನ್ನು ಇಂಜಿನ್ನಿನ ವಾರ್ಷಿಕ ಪರೀಕ್ಷೆ ಎಂದು ತಿಳಿಯುವುದು ಒಳಿತು.

ಹೀಟರ್ ಹುಟ್ಟಿದ್ದು ಎಲ್ಲಿ?

ಹೀಟರ್ ನಿರುಪಯುಕ್ತ ವಸ್ತುವೆಂದು ನಾನು ಹೇಳುವುದಿಲ್ಲ. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ಆಂಡ್ರೂ ಫ್ರೀಮನ್ ಎಂಬಾತ ಇಂಜಿನ್ ಬ್ಲಾಕನ್ನು ವಿದ್ಯುತ್ತಿನಿಂದ ಬಿಸಿ ಮಾಡುವ ಹೀಟರನ್ನು ರೂಪಿಸಿ 1949ರಲ್ಲಿ ಪೇಟೆಂಟ್ ಪಡೆದನು. ಆ ಸೀಮೆಯಲ್ಲಿಯೂ ಪಕ್ಕದ ಕೆನಡಾದಲ್ಲಿಯೂ ಚಳಿಗಾಲದ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿ ಕೀಲೆಣ್ಣೆ ಹಲ್ವದಂತೆ ಗಟ್ಟಿಯಾಗುತ್ತದೆ, ಡೀಸೆಲಿನಲ್ಲಿ ಮೇಣ ಕಟ್ಟುತ್ತದೆ, ಬ್ಯಾಟರಿಯ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವಾಹನ ನಿಲ್ಲಿಸುವ ಸ್ಥಳಗಳಲ್ಲಿಯೇ ಹೀಟರಿಗೆಂದು ವಿದ್ಯುತ್ ಸಂಪರ್ಕ ಕೊಟ್ಟಿರುತ್ತಾರೆ. ಅಲ್ಲಿ ಹೀಟರ್ ಜೀವನಾವಶ್ಯಕ.

ನಮ್ಮ ದೇಶದಲ್ಲಿಯೂ ಅಂತಹ ಜಾಗವಿದೆ. ಲಡಾಖಿನಲ್ಲಿ ಸಾಮಾನ್ಯ ಡೀಸೆಲ್ ಹೆಪ್ಪುಗಟ್ಟುವುದರಿಂದ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ವಿಶೇಷ ಚಳಿಗಾಲದ ಡೀಸೆಲನ್ನು ಅಲ್ಲಿಗೆ ಒದಗಿಸಲು ಆರಂಭಿಸಿತು.

ನಮ್ಮ ಚಳಿ ಯಾವ ಮಟ್ಟದ್ದು? ಶಿವಮೊಗ್ಗ ಜಿಲ್ಲೆಯ ಈ ಭಾಗದಲ್ಲಿ ಜನವರಿ ಬೆಳಿಗ್ಗೆ ಉಷ್ಣತೆ ಸಾಮಾನ್ಯವಾಗಿ 13ರಿಂದ 16 ಡಿಗ್ರಿ ಸುತ್ತ ಇರುತ್ತದೆ. ಕೆಲವು ದಿನ ತಗ್ಗು ಪ್ರದೇಶದಲ್ಲಿ 10 ಡಿಗ್ರಿಯ ಸಮೀಪಕ್ಕೆ ಬರಬಹುದು. ಮೈ ನಡುಗುವ ಚಳಿ ಇದು ನಿಜ. ಇಂಜಿನ್ನಿಗೆ ಇದು ಚಳಿಯೇ ಅಲ್ಲ. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಚಳಿಗಾಲದ ಡೀಸೆಲ್ 3 ಡಿಗ್ರಿಯಲ್ಲಿಯೂ ಹರಿಯುವಂತಿರಬೇಕು. ಇಂದು ಟ್ರ್ಯಾಕ್ಟರುಗಳಿಗೆ ಹೆಚ್ಚಾಗಿ ಹಾಕುವ 15ಡಬ್ಲ್ಯು-40 ದರ್ಜೆಯ ಕೀಲೆಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿಟ್ಟು ಪರೀಕ್ಷಿಸಿರುತ್ತಾರೆ. ಸುಸ್ಥಿತಿಯ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿಯೂ ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲನ್ನು ಕೊಡುತ್ತದೆ. ನಮ್ಮ ಬೆಳಿಗ್ಗೆಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಎಣ್ಣೆ, ಇಂಧನ, ಬ್ಯಾಟರಿ ಮೂರೂ ನಮ್ಮ ಚಳಿಯನ್ನು ತಡೆಯಬಲ್ಲವು ಎಂದಾದ ಮೇಲೆ ಹೀಟರಿಗೆ ಕೆಲಸವೆಲ್ಲಿ?

ಹೊಗೆಯನ್ನು ಓದಿರಿ

ಇಂಜಿನ್ ಏಳದಿದ್ದಾಗ ಮೊದಲು ಮಾಡಬೇಕಾದ ಕೆಲಸ ಸೈಲೆನ್ಸರ್ ಕಡೆ ನೋಡುವುದು. ಸೆಲ್ಫ್ ಹೊಡೆಯುವಾಗ ಅಥವಾ ಹ್ಯಾಂಡಲ್ ತಿರುಗಿಸುವಾಗ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಕೊಳವೆಯಲ್ಲಿ ಗಾಳಿ ಸೇರಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಂಧನ ನಿಲ್ಲಿಸುವ ಗುಂಡಿ ಎಳೆದೇ ಇರಬಹುದು. ಇದಕ್ಕೂ ಚಳಿಗೂ ಸಂಬಂಧವಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಒಳಗೆ ಶಾಖ ಸಾಲದು ಎಂದರ್ಥ. ಇಂಜಿನ್ ಎದ್ದಮೇಲೂ ಕಪ್ಪು ಹೊಗೆ ಬಿಡದಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ನಾಜಲ್ ಕೆಟ್ಟಿದೆ ಎಂದು ಸಂಶಯಪಡಬೇಕು.

ಬಿಳಿ ಹೊಗೆ ಬರುವ ಇಂಜಿನ್ನಿಗೆ ಮಾತ್ರ ಶಾಖದ ಪ್ರಶ್ನೆ ಏಳುತ್ತದೆ. ಅಲ್ಲಿಯೂ ಶಾಖ ಏಕೆ ಸಾಲದು ಎಂಬುದನ್ನು ಕೆಳಗಿನ ಕ್ರಮದಲ್ಲಿ ಪರಿಶೀಲಿಸಿರಿ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

1. ಬ್ಯಾಟರಿ: ಚಳಿಗಾಲದ ದೂರುಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿ-ಹಸಿರು ಕಿಲುಬನ್ನು ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿಮಾಡಿ, ಮೇಲೆ ತೆಳುವಾಗಿ ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚಿರಿ. ಭೂಸಂಪರ್ಕದ ತಂತಿ ಚಾಸಿಗೆ ಸೇರುವ ಜಾಗವನ್ನೂ ಮರೆಯಬೇಡಿರಿ. ಬಟ್ಟಿ ಇಳಿಸಿದ ನೀರಿನ ಮಟ್ಟ ಸರಿಯಾಗಿರಲಿ. ಪೂರ್ಣ ಚಾರ್ಜಾದ ಬ್ಯಾಟರಿಯ ಆಮ್ಲದ ಸಾಪೇಕ್ಷ ಸಾಂದ್ರತೆ ಹೈಡ್ರೋಮೀಟರಿನಲ್ಲಿ 1.260ರ ಆಸುಪಾಸು ಇರಬೇಕು, 1.150ಕ್ಕೆ ಇಳಿದಿದ್ದರೆ ಅದು ಬರಿದಾಗಿದೆ. ಸುಮ್ಮನಿರುವಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ, ಸೆಲ್ಫ್ ಹೊಡೆಯುವಾಗ 9.5 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಕುಸಿದರೆ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಒತ್ತಿದ ಗಾಳಿ ಕಾಯುವುದೇ ಇಲ್ಲ.

2. ಕೀಲೆಣ್ಣೆ: ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿರಿ. ಸವೆದ ಇಂಜಿನ್ನಿಗೆ ಹೊಗೆ ಕಡಿಮೆಯಾಗಲೆಂದು ದಪ್ಪ ಎಣ್ಣೆ ಹಾಕುವ ರೂಢಿ ಕೆಲವೆಡೆ ಇದೆ. ಅದೇ ಎಣ್ಣೆ ಚಳಿಯಲ್ಲಿ ಇಂಜಿನ್ ತಿರುಗದಂತೆ ಹಿಡಿಯುತ್ತದೆ. ಅವಧಿ ಮೀರಿ ಮಸಿಗಟ್ಟಿದ ಎಣ್ಣೆಯೂ ಹೀಗೆಯೇ. ಎಣ್ಣೆಸ್ನಾನದ ಏರ್ ಕ್ಲೀನರ್ ಇದ್ದಲ್ಲಿ ಅದರ ತಟ್ಟೆಯ ಕೆಸರನ್ನು ತೆಗೆದು ಗುರುತಿನವರೆಗೆ ಮಾತ್ರ ಎಣ್ಣೆ ತುಂಬಿರಿ.

3. ಇಂಧನದ ದಾರಿ: ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ತುಂಬಿಡಿರಿ. ಅರೆಬರೆ ತುಂಬಿದ ಟ್ಯಾಂಕಿನ ಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ಡೀಸೆಲಿಗೆ ಇಳಿಯುತ್ತದೆ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರನ್ನು ಹೊರಬಿಡಿರಿ. ಕೊಳವೆಯ ವಾಷರುಗಳು ಹಳತಾಗಿದ್ದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದು ಗಾಳಿ ಸೇರುತ್ತದೆ. ಪ್ರತಿ ಬೆಳಿಗ್ಗೆ ಏರ್ ತೆಗೆಯಬೇಕಾದ ಇಂಜಿನ್ನಿಗೆ ಬೇಕಾದದ್ದು ಹೊಸ ವಾಷರ್.

4. ಇಂಜಿನ್ನಿನೊಳಗೇ ಇರುವ ಹೀಟರ್: ನಿಮ್ಮ ಇಂಜಿನ್ನಿನಲ್ಲಿ ಗ್ಲೋ ಪ್ಲಗ್ ಅಥವಾ ಒಳಹೋಗುವ ಗಾಳಿಯನ್ನು ಕಾಯಿಸುವ ಸಾಧನವನ್ನು ತಯಾರಕರೇ ಕೊಟ್ಟಿರಬಹುದು. ಎಷ್ಟೋ ಕಡೆ ಅದು ಸುಟ್ಟುಹೋಗಿ ವರ್ಷಗಳಾಗಿದ್ದರೂ ಮಾಲೀಕರಿಗೆ ತಿಳಿದಿರುವುದಿಲ್ಲ. ಅದನ್ನು ಮೆಕ್ಯಾನಿಕ್ ಕೈಯಲ್ಲಿ ಪರೀಕ್ಷಿಸಿ ಬದಲಾಯಿಸಿದರೆ ಹೊರಗಿನ ಹೀಟರಿಗಿಂತ ಕಡಿಮೆ ಖರ್ಚಿನಲ್ಲಿ, ಬೇಕಾದ ಜಾಗದಲ್ಲಿಯೇ ಶಾಖ ದೊರೆಯುತ್ತದೆ. ಕೀಲಿಯನ್ನು ಕಾಯಿಸುವ ಸ್ಥಾನದಲ್ಲಿ ಕೈಪಿಡಿ ಹೇಳಿದಷ್ಟು ಹೊತ್ತು ಹಿಡಿದು ಅನಂತರ ಸೆಲ್ಫ್ ಹೊಡೆಯಿರಿ. ಆತುರಪಟ್ಟರೆ ಫಲವಿಲ್ಲ.

5. ನಾಜಲ್, ಟ್ಯಾಪೆಟ್, ಕಂಪ್ರೆಷನ್: ಹನಿ ತೊಟ್ಟಿಕ್ಕುವ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಲಾರದು. ಟ್ಯಾಪೆಟ್ ಸಂದು ಇಲ್ಲದಂತಾದರೆ ವಾಲ್ವು ಪೂರ್ತಿ ಮುಚ್ಚದು. ಇವೆರಡೂ ಸರಿಯಿದ್ದು ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಅಳೆಸಬೇಕು. ರಿಂಗು, ಲೈನರ್ ಸವೆದಿದ್ದರೆ ಇಂಜಿನ್ ಬಿಚ್ಚುವುದನ್ನು ಇನ್ನು ಮುಂದೂಡಬಾರದು. ಸವೆದ ಇಂಜಿನ್ ಪ್ರತಿ ಗಂಟೆಯೂ ಹೆಚ್ಚು ಡೀಸೆಲ್, ಹೆಚ್ಚು ಕೀಲೆಣ್ಣೆ ಕುಡಿಯುತ್ತದೆ. ಹೀಟರ್ ಅದನ್ನು ಎಬ್ಬಿಸಬಹುದು. ಆ ನಷ್ಟವನ್ನು ತಡೆಯಲಾರದು.

ಬಚ್ಚಲ ಹಂಡೆಯೇ ಸಾಕು

ಪವರ್ ಟಿಲ್ಲರ್ ಮತ್ತು ಹಾಪರಿನಲ್ಲಿ ಬರಿಯ ನೀರು ಹಾಕಿ ತಣಿಸುವ ಒಂಟಿ ಸಿಲಿಂಡರಿನ ಪಂಪ್‌ಸೆಟ್ಟುಗಳ ವಿಷಯ ಬೇರೆ. ಇವುಗಳಲ್ಲಿ ಹಲವಕ್ಕೆ ಬ್ಯಾಟರಿಯೇ ಇಲ್ಲ. ತಿರುಗಿಸುವ ಶಕ್ತಿ ನಿಮ್ಮ ತೋಳಿನದು. ಇಲ್ಲಿ ಸ್ವಲ್ಪ ಶಾಖ ಕೊಟ್ಟರೆ ನಿಜವಾಗಿಯೂ ಶ್ರಮ ಉಳಿಯುತ್ತದೆ. ಅದಕ್ಕೆ ಬೇಕಾದ ಹೀಟರ್ ಮಲೆನಾಡಿನ ಪ್ರತಿ ಮನೆಯಲ್ಲಿಯೂ ಇದೆ. ಅದೇ ಬಚ್ಚಲ ಹಂಡೆ.

ತಯಾರಕರು ನೀರು ಬದಲಾಯಿಸಲು ಅವಕಾಶ ಕೊಟ್ಟಿರುವ ಇಂಜಿನ್ನಾದರೆ ಹಾಪರಿನ ತಣ್ಣೀರನ್ನು ಕೆಳಗಿನ ತಿರುಪಿನಿಂದ ಬಿಟ್ಟು, ಸ್ನಾನದ ನೀರಿಗಿಂತ ತುಸು ಬಿಸಿಯಾದ ಶುದ್ಧ ನೀರನ್ನು ನಿಧಾನವಾಗಿ ತುಂಬಿರಿ. ಐದು ನಿಮಿಷ ಬಿಡಿರಿ. ಅಗತ್ಯವಾದರೆ ಇನ್ನೊಮ್ಮೆ ಬದಲಾಯಿಸಿರಿ. ಸಿಲಿಂಡರಿನ ಗೋಡೆ ಬೆಚ್ಚಗಾಗಿ ಇಂಜಿನ್ ಕೆಲವೇ ಸುತ್ತಿನಲ್ಲಿ ಏಳುತ್ತದೆ. ಕುದಿಯುವ ನೀರನ್ನು ಮಾತ್ರ ಸುರಿಯಬೇಡಿರಿ. ಬೀಡು ಕಬ್ಬಿಣ ಒಮ್ಮೆಲೇ ಕಾದರೆ ಬಿರುಕು ಬಿಡುವ ಅಪಾಯವಿದೆ. ಅಡಿಕೆ ಬೇಯಿಸಿದ ಹಂಡೆ ಹತ್ತಿರದಲ್ಲಿಯೇ ಇದೆಯೆಂದು ಚೊಗರು ನೀರನ್ನು ಎಂದೂ ಹಾಕಬಾರದು. ಅದರ ಅಂಟು ಮತ್ತು ಒಗರು ಇಂಜಿನ್ನಿನ ನೀರಿನ ದಾರಿಯನ್ನು ಕೆಡಿಸುತ್ತವೆ. ಟ್ರ್ಯಾಕ್ಟರಿನ ರೇಡಿಯೇಟರಿಗೂ ಈ ವಿಧಾನ ಸಲ್ಲದು. ಅದರಲ್ಲಿರುವುದು ಕೂಲೆಂಟ್, ಅದನ್ನು ಚೆಲ್ಲಿ ನೀರು ತುಂಬಿದರೆ ತುಕ್ಕಿನಿಂದ ರಕ್ಷಣೆ ತಪ್ಪುತ್ತದೆ. ಗಾಳಿಯಿಂದ ತಣಿಯುವ ಇಂಜಿನ್ನುಗಳಿಗೂ ಇದು ಅನ್ವಯಿಸುವುದಿಲ್ಲ.

ಡಿಕಂಪ್ರೆಷನ್ ಲಿವರನ್ನು ಎತ್ತಿ ಹಿಡಿದು ಹತ್ತಿಪ್ಪತ್ತು ಸುತ್ತು ಹಗುರಾಗಿ ತಿರುಗಿಸಿದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ. ಅನಂತರ ವೇಗ ಕೊಟ್ಟು ಲಿವರ್ ಬಿಡಿರಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟುಕೊಳ್ಳಿರಿ. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಮಣಿಕಟ್ಟು ಮುರಿಯುತ್ತದೆ. ರಾತ್ರಿ ಯಂತ್ರವನ್ನು ಬಯಲಿನಲ್ಲಿ ಬಿಡದೆ ಸೂರಿನ ಕೆಳಗೆ ನಿಲ್ಲಿಸಿ, ಇಂಜಿನ್ ತಣಿದ ಮೇಲೆ ಒಣ ಗೋಣಿಚೀಲ ಹೊದಿಸಿದರೆ ಇಬ್ಬನಿ ತಾಗುವುದಿಲ್ಲ. ಬೆಳಿಗ್ಗೆ ಎಬ್ಬಿಸುವ ಮೊದಲು ಚೀಲ ತೆಗೆಯಲು ಮರೆಯಬಾರದು.

ಮಾಡಬಾರದ ಕೆಲಸಗಳು

ಚಳಿಯ ಬೆಳಿಗ್ಗೆ ತಾಳ್ಮೆ ಕಳೆದುಕೊಂಡು ಮಾಡುವ ಕೆಲವು ಕೆಲಸಗಳಿಂದ ಇಂಜಿನ್ ಮಾತ್ರವಲ್ಲ, ಪ್ರಾಣವೂ ಹೋಗಬಹುದು. ಎಣ್ಣೆ ಸಂಪಿನ ಕೆಳಗೆ ಬೆಂಕಿ ಹಾಕುವುದು, ಬ್ಲೋ ಲ್ಯಾಂಪ್ ಹಿಡಿಯುವುದು ಇವುಗಳಲ್ಲಿ ಮೊದಲನೆಯದು. ಸೋರಿದ ಡೀಸೆಲ್, ಒಣ ಹುಲ್ಲು, ತಂತಿಗಳ ಪ್ಲಾಸ್ಟಿಕ್ ಎಲ್ಲ ಹತ್ತಿರವೇ ಇರುತ್ತವೆ. ಹುಲ್ಲಿನ ಬಣವೆಯ ಪಕ್ಕದ ಕೊಟ್ಟಿಗೆಯಲ್ಲಿ ಇದನ್ನು ಮಾಡುವವರು ದನಗಳ ಗತಿಯನ್ನೂ ಯೋಚಿಸಬೇಕು.

ಎರಡನೆಯದು, ಗಾಳಿ ಒಳಹೋಗುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ಅಥವಾ ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಈಥರ್ ಡೀಸೆಲಿಗಿಂತ ಬಹಳ ಕಡಿಮೆ ಶಾಖದಲ್ಲಿ ಹೊತ್ತಿಕೊಳ್ಳುತ್ತದೆ. ಕಾದ ಗ್ಲೋ ಪ್ಲಗ್ ಇರುವ ಇಂಜಿನ್ನಿನಲ್ಲಿ ಅದು ಸಮಯಕ್ಕೆ ಮುಂಚೆಯೇ ಸಿಡಿದು ಪಿಸ್ಟನ್, ರಿಂಗು, ಕನೆಕ್ಟಿಂಗ್ ರಾಡುಗಳನ್ನು ಮುರಿಯಬಲ್ಲದು.

ಮೂರನೆಯದು, ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸುವುದು. ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾಲ್ಕನೆಯದು, ಹೊಸ ಮಾದರಿಯ ಇಂಜಿನ್ನುಗಳಲ್ಲಿ ನಾಜಲ್ ಕೊಳವೆ ಸಡಿಲಿಸಿ ಏರ್ ತೆಗೆಯಲು ಹೋಗುವುದು. 2023ರ ಜನವರಿ 1ರಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಕಾಮನ್ ರೈಲ್ ಪದ್ಧತಿ ಬಂದಿದೆ. ಅದರಲ್ಲಿ ಡೀಸೆಲಿನ ಒತ್ತಡ ಚರ್ಮವನ್ನು ತೂರಿ ಒಳಹೋಗುವಷ್ಟು ಇರುತ್ತದೆ. ಹಳೆಯ ಟ್ರ್ಯಾಕ್ಟರಿನ ಅಭ್ಯಾಸವನ್ನು ಇಲ್ಲಿ ತರಬಾರದು.

ಆದರೂ ಕೊಳ್ಳುವುದೇ ಆದರೆ

ಇಷ್ಟೆಲ್ಲ ಹೇಳಿದ ಮೇಲೂ ಕೆಲವರಿಗೆ ಹೀಟರ್ ಬೇಕೆನಿಸಬಹುದು. ಇಂಜಿನ್ ಬಿಚ್ಚಿಸಬೇಕು, ಆದರೆ ಸುಗ್ಗಿ ಮುಗಿಯುವವರೆಗೆ ಕಾಯಬೇಕು ಎಂಬ ಇಕ್ಕಟ್ಟಿನಲ್ಲಿರುವವರೂ ಇರುತ್ತಾರೆ. ಅಂತಹವರು ಈ ಸಂಗತಿಗಳನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು.

ಹೀಟರುಗಳಲ್ಲಿ ಹಲವು ಬಗೆ. ಬ್ಲಾಕಿನ ಒಂದು ಮುಚ್ಚಳದ ಜಾಗದಲ್ಲಿ ಕುಳಿತು ಕೂಲೆಂಟನ್ನು ಕಾಯಿಸುವುದು ಒಂದು ಬಗೆ. ಕೊಳವೆಯ ಮಧ್ಯೆ ಕುಳಿತು ಕೂಲೆಂಟನ್ನು ಕಾಯಿಸಿ ಹರಿಸುವುದು ಇನ್ನೊಂದು. ಎಣ್ಣೆ ಸಂಪಿನ ಕೆಳಗೆ ಅಂಟಿಸುವ ಅಥವಾ ಅಯಸ್ಕಾಂತದಿಂದ ಹಿಡಿಯುವ ಪಟ್ಟಿ ಮೂರನೆಯದು. ನಮ್ಮ ತೊಂದರೆ ಸಿಲಿಂಡರಿನ ಶಾಖದ್ದು. ಎಣ್ಣೆ ನಮ್ಮ ಚಳಿಯಲ್ಲಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಸಂಪಿನ ಹೀಟರಿನಿಂದ ನಮಗೆ ಹೆಚ್ಚು ಪ್ರಯೋಜನವಿಲ್ಲ. ಕೊಳ್ಳುವುದಾದರೆ ನಿಮ್ಮ ಇಂಜಿನ್ನಿಗೆಂದೇ ತಯಾರಕರು ಸೂಚಿಸಿದ ಕೂಲೆಂಟ್ ಹೀಟರನ್ನೇ ಕೊಳ್ಳಿರಿ.

ವೋಲ್ಟೇಜ್ ನೋಡದೆ ಕೊಳ್ಳಬಾರದು. ಅಮೆರಿಕದ ಹೀಟರುಗಳು 115-120 ವೋಲ್ಟಿನವು. ಅದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ನಾಲ್ಕು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತದೆ, ಕೊಟ್ಟಿಗೆಯನ್ನೂ ಸುಡಬಹುದು. ನಮ್ಮ ಹಳ್ಳಿಯ ವೋಲ್ಟೇಜ್ ಕುಸಿತವನ್ನೂ ಲೆಕ್ಕ ಹಾಕಿರಿ. 230 ವೋಲ್ಟಿನಲ್ಲಿ 1000 ವಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಸುಮಾರು 610 ವಾಟ್ ಮಾತ್ರ ಕೊಡುತ್ತದೆ. ಸುಮಾರು 200 ಕಿಲೋ ತೂಕದ ಇಂಜಿನ್ ಮತ್ತು ಹತ್ತು ಲೀಟರ್ ಕೂಲೆಂಟನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸೋರಿಕೆ ಬಿಟ್ಟು ಒಂದು ಯೂನಿಟ್ ಸಮೀಪ ವಿದ್ಯುತ್ ಬೇಕು. ಆದ್ದರಿಂದ ಪೂರ್ಣ ವೋಲ್ಟೇಜ್ ಇದ್ದರೂ ಒಂದೂವರೆ ಎರಡು ಗಂಟೆ ಮೊದಲೇ ಹಾಕಬೇಕು. ಬೆಳಗಿನ ಜಾವ ಕರೆಂಟ್ ಹೋದರೆ ಹೀಟರ್ ಇದ್ದೂ ಇಲ್ಲದಂತೆ.

"ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಹೀಟರ್ ಇದೆಯಲ್ಲ" ಎನ್ನುವವರು ಈ ಲೆಕ್ಕ ನೋಡಬೇಕು. 12 ವೋಲ್ಟ್, 75 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಒಟ್ಟು ಇರುವುದು 900 ವಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿಗೂ ಕಡಿಮೆ. ಇಂಜಿನ್ ಬಿಸಿ ಮಾಡುವಷ್ಟರಲ್ಲಿ ಬ್ಯಾಟರಿಯೇ ಬರಿದಾಗುತ್ತದೆ. ಅನಂತರ ಸೆಲ್ಫ್ ತಿರುಗಿಸುವುದು ಯಾವುದರಿಂದ?

ಕೊಟ್ಟಿಗೆಯ ನೆಲ ಒದ್ದೆ, ಇಲಿಗಳು ತಂತಿ ಕಡಿಯುತ್ತವೆ, ದನ ಕಟ್ಟಿರುತ್ತಾರೆ. ಮೂರು ಕಡ್ಡಿಯ ಪ್ಲಗ್, ಸರಿಯಾದ ಅರ್ತಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ಕಡಿಯುವ 30 ಮಿಲಿ ಆಂಪಿಯರಿನ ಬ್ರೇಕರ್ ಇಲ್ಲದೆ ಹೀಟರ್ ಹಾಕಲೇಬಾರದು. ಮನೆಯಿಂದ ತೆಳುವಾದ ತಂತಿ ಎಳೆದು ಜೋಡಿಸುವುದು ಅಪಾಯಕ್ಕೆ ಆಹ್ವಾನ. ಕೂಲೆಂಟ್ ಕಡಿಮೆಯಾಗಿ ಹೀಟರಿನ ಸುರುಳಿ ಹೊರಗೆ ಕಂಡರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸುಣ್ಣದಂಶವಿರುವ ಬಾವಿ ನೀರು ತುಂಬಿದರೆ ಸುರುಳಿಗೆ ಪೊರೆ ಕಟ್ಟಿ ಕೆಡುತ್ತದೆ.

ಊರು ಸೇರಿ ಮಾಡಬೇಕಾದದ್ದು

ಈ ವಿಷಯದಲ್ಲಿ ರೈತನೊಬ್ಬನ ಮೇಲೆಯೇ ಎಲ್ಲ ಹೊಣೆ ಹೊರಿಸುವುದು ನ್ಯಾಯವಲ್ಲ. ಹೈಡ್ರೋಮೀಟರ್, ವೋಲ್ಟ್ ಮೀಟರ್, ಬ್ಯಾಟರಿ ಚಾರ್ಜರ್, ಕಂಪ್ರೆಷನ್ ಅಳೆಯುವ ಮಾಪಕ ಇವನ್ನು ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ಹಳ್ಳಿಯ ಸಹಕಾರ ಸಂಘವಾಗಲಿ, ಯುವಕ ಸಂಘವಾಗಲಿ ಒಂದು ಸೆಟ್ ಇಟ್ಟುಕೊಂಡರೆ ಊರಿನ ಎಲ್ಲ ಇಂಜಿನ್ನುಗಳಿಗೂ ಆಗುತ್ತದೆ. ಇವುಗಳ ಒಟ್ಟು ಬೆಲೆಯನ್ನು ಊರಿನ ಮನೆಗಳಿಗೆ ಹಂಚಿದರೆ ಪ್ರತಿಯೊಬ್ಬರ ಪಾಲು ಅಲ್ಪ.

ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಕೊಡುವ ಟ್ರ್ಯಾಕ್ಟರ್, ಟಿಲ್ಲರುಗಳ ಬ್ಯಾಟರಿ ಮತ್ತು ಇಂಧನ ಫಿಲ್ಟರನ್ನು ಪ್ರತಿ ನವೆಂಬರಿನಲ್ಲಿ ಪರೀಕ್ಷಿಸಿ, ಪರೀಕ್ಷೆಯ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿಡಬೇಕು. ಬಾಡಿಗೆ ಪಡೆಯುವ ರೈತನೂ ಅದನ್ನು ಕೇಳಿ ನೋಡುವುದು ಅವನ ಹಕ್ಕು. ಬೆಳಿಗ್ಗೆ ಎರಡು ಗಂಟೆ ಯಂತ್ರ ಏಳದಿದ್ದರೆ ನಷ್ಟವಾಗುವುದು ಕೂಲಿ ಕೊಟ್ಟು ಕಾಯುವ ರೈತನಿಗೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಾಗಲಿ, ಕೃಷಿ ವಿಜ್ಞಾನ ಕೇಂದ್ರಗಳಾಗಲಿ ಬೀಜ, ಗೊಬ್ಬರ, ಕೀಟಗಳ ಬಗ್ಗೆ ಕೊಡುವಷ್ಟೇ ಮಹತ್ವವನ್ನು ಇಂಜಿನ್ ಪಾಲನೆಗೂ ಕೊಡಬೇಕು. ಒಂದು ದಿನದ ತರಬೇತಿಯಲ್ಲಿ ಹೊಗೆ ಓದುವುದು, ಏರ್ ತೆಗೆಯುವುದು, ಬ್ಯಾಟರಿ ಅಳೆಯುವುದು ಈ ಮೂರನ್ನು ಕಲಿಸಿದರೂ ಸಾಕು. ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಕಲಿಸಬೇಕು. ಗಂಡಸರು ಪೇಟೆಗೆ ಹೋದ ದಿನ ತೋಟಕ್ಕೆ ನೀರು ಬಿಡುವವರು ಅವರೇ.

ರೈತಬಾಂಧವರೆ, ಒಂದು ಸಣ್ಣ ಪಟ್ಟಿಯನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿರಿ. ದೀಪಾವಳಿಯ ಹೊತ್ತಿಗೆ ಬ್ಯಾಟರಿ ತೊಳೆದು ಚಾರ್ಜ್ ಅಳೆಸಿರಿ. ಕೀಲೆಣ್ಣೆ, ಡೀಸೆಲ್ ಫಿಲ್ಟರ್ ಅವಧಿ ನೋಡಿರಿ. ಟ್ಯಾಪೆಟ್ ಹೊಂದಿಸಿರಿ. ಗ್ಲೋ ಪ್ಲಗ್ ಇದ್ದರೆ ಪರೀಕ್ಷಿಸಿರಿ. ಸಂಜೆ ಟ್ಯಾಂಕ್ ತುಂಬಿ ಯಂತ್ರವನ್ನು ಸೂರಿನಡಿ ನಿಲ್ಲಿಸಿರಿ. ಬೆಳಿಗ್ಗೆ ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷ ಬ್ಯಾಟರಿಗೆ ಬಿಡುವು ಕೊಡಿರಿ. ಇಂಜಿನ್ ಎದ್ದಮೇಲೆ ಒಂದೆರಡು ನಿಮಿಷ ಸಾಧಾರಣ ವೇಗದಲ್ಲಿ ಓಡಿಸಿ ಅನಂತರ ಕೆಲಸಕ್ಕೆ ಹಚ್ಚಿರಿ. ಏಳುತ್ತಲೇ ರೇಸ್ ಮಾಡುವುದರಿಂದ ಎಣ್ಣೆ ತಲುಪುವ ಮೊದಲೇ ಬೇರಿಂಗು ಸವೆಯುತ್ತದೆ.

ಇಷ್ಟನ್ನೂ ಮಾಡಿದ ಮೇಲೆ ನಿಮ್ಮ ಇಂಜಿನ್ ಜನವರಿಯ ಬೆಳಿಗ್ಗೆ ಏಳದಿದ್ದರೆ ಅಂಗಡಿಗೆ ಹೋಗುವ ಬದಲು ಒಳ್ಳೆಯ ಮೆಕ್ಯಾನಿಕ್ ಬಳಿಗೆ ಹೋಗಿರಿ. ಹೀಟರಿಗೆ ಎತ್ತಿಟ್ಟ ಹಣ ರಿಂಗು, ನಾಜಲುಗಳಿಗೆ ಹೋಗಲಿ. ಆ ಖರ್ಚು ಚಳಿಗಾಲದ ನಲವತ್ತು ಬೆಳಿಗ್ಗೆಗಳಿಗಷ್ಟೇ ಅಲ್ಲದೆ ವರ್ಷದ ಎಲ್ಲ ದಿನಗಳಿಗೂ ಫಲ ಕೊಡುತ್ತದೆ.